ದಾಕ್ಷಿಣ್ಯಕ್ಕೆ ತೆರುವ ಬೆಲೆ

ಪ್ರವಾಸಕ್ಕೆ ಹೊರಟವರಿಗೆ ದಾರಿಯಲ್ಲಿ ಸರಕು ಮಾರುವುದು ಹೊಸ ಸಂಗತಿಯಲ್ಲ. ಜಾತ್ರೆಗೆ ಹೋದವರು ಬಳೆ, ಬತ್ತಾಸು, ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಮರಳುವುದು ಯಾತ್ರೆಯ ಒಂದು ಭಾಗವೇ ಆಗಿತ್ತು. ಆದರೆ ಪ್ಯಾಕೇಜ್ ಟೂರ್ ಎಂಬ ವ್ಯವಸ್ಥೆ, ಅಂದರೆ ಪ್ರಯಾಣ, ಊಟ, ವಸತಿ, ಸ್ಥಳವೀಕ್ಷಣೆ ಎಲ್ಲಕ್ಕೂ ಒಟ್ಟಾಗಿ ಒಂದೇ ಮೊತ್ತ ಕಟ್ಟಿಸಿಕೊಳ್ಳುವ ಪದ್ಧತಿ, ಬೆಳೆದಂತೆಲ್ಲ ಈ ಮಾರಾಟದ ಸ್ವರೂಪ ಬದಲಾಗಿದೆ. ಜಾತ್ರೆಯಲ್ಲಿ ಕೊಳ್ಳುವವರು ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಪ್ಯಾಕೇಜ್ ಪ್ರವಾಸದಲ್ಲಿ ಕೊಳ್ಳುವವರನ್ನೇ ಅಂಗಡಿಯ ಬಾಗಿಲಿಗೆ ತಂದು ಇಳಿಸಲಾಗುತ್ತದೆ, ಬಸ್ಸು ಹೊರಡುವವರೆಗೆ ಅವರು ಅಲ್ಲಿಂದ ಕದಲುವಂತಿರುವುದಿಲ್ಲ. ವಿಹಾರಕ್ಕೆಂದೇ ಸಮುದ್ರದಲ್ಲಿ ಸುತ್ತುವ ಕ್ರೂಸ್ ಹಡಗುಗಳಲ್ಲಿ ಈ ಕಟ್ಟು ಇನ್ನೂ ಬಿಗಿಯಾಗಿರುತ್ತದೆ, ಏಕೆಂದರೆ ಅಲ್ಲಿ ಅಂಗಡಿಯೂ ಹಾಸಿಗೆಯೂ ಊಟದ ಮೇಜೂ ಒಂದೇ ಸೂರಿನ ಕೆಳಗಿರುತ್ತವೆ, ಹೊರಗೆ ನೀರಲ್ಲದೆ ಬೇರೇನೂ ಇರುವುದಿಲ್ಲ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಈ ವಿಷಯವನ್ನು ಎರಡೂ ದಿಕ್ಕಿನಿಂದ ಕಾಣಬಲ್ಲ ಸ್ಥಾನದಲ್ಲಿವೆ. ಬೆಂಗಳೂರಿನಿಂದ ಮೈಸೂರಿಗೆ ಒಂದು ದಿನದ ಪ್ರವಾಸ ಹೊರಡುವ ಬಸ್ಸುಗಳು ಸಾಮಾನ್ಯವಾಗಿ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದರಿಂದ ಹೊರಗಿನವರಿಗೆ ನಡೆಯುವ ಮಾರಾಟವನ್ನು ಇಲ್ಲಿಯವರು ಹತ್ತಿರದಿಂದ ನೋಡಿದ್ದಾರೆ. ಇತ್ತ ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂಥ ಹಳ್ಳಿಗಳಿಂದ ಕುಯ್ಲು, ಒಕ್ಕಣೆ ಮುಗಿದ ಮೇಲೆ ಜನ ಬಸ್ಸು ಮಾತಾಡಿಕೊಂಡು ಧರ್ಮಸ್ಥಳ, ತಿರುಪತಿ, ಊಟಿ, ಕಾಶಿಗಳಿಗೆ ಹೊರಡುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳು ಮಕ್ಕಳ ಒತ್ತಾಯಕ್ಕೆ ಹಡಗನ್ನೂ ಹತ್ತಿ ಬರುತ್ತಾರೆ. ತಮ್ಮೂರಿನಲ್ಲಿ ಮಾರಾಟದ ಆಟವನ್ನು ಬಲ್ಲವರೂ ಪರಊರಿನಲ್ಲಿ ಆ ಆಟಕ್ಕೆ ಸಿಕ್ಕಿಬೀಳುತ್ತಾರೆ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಬಸ್ಸಿನ ಪ್ರವಾಸದಲ್ಲಿ ಇದು ನಡೆಯುವ ಕ್ರಮ ಹೆಚ್ಚು ಕಡಿಮೆ ಎಲ್ಲೆಡೆಯೂ ಒಂದೇ. ಪ್ರವಾಸದ ಪಟ್ಟಿಯಲ್ಲಿ ಅರಮನೆ, ದೇವಸ್ಥಾನ, ಉದ್ಯಾನಗಳ ನಡುವೆ ರೇಷ್ಮೆ ಕೇಂದ್ರ ಎಂದೋ ಕರಕುಶಲ ಎಂಪೋರಿಯಂ ಎಂದೋ ಒಂದು ಹೆಸರು ಸೇರಿರುತ್ತದೆ, ಕೆಲವೊಮ್ಮೆ ಪಟ್ಟಿಯಲ್ಲಿ ಇಲ್ಲದೆಯೂ ಬಸ್ಸು ಅಲ್ಲಿ ನಿಲ್ಲುತ್ತದೆ. ಗೈಡ್ ಮೊದಲೇ ಆ ವಸ್ತುವಿನ ಮಹಿಮೆಯನ್ನು ಹೇಳಿರುತ್ತಾನೆ. ಹೊರಗೆ ಇದಕ್ಕೆ ಎರಡು ಪಟ್ಟು ದರವೆಂದೂ ಇಲ್ಲಿ ಮಾತ್ರ ಅಸಲಿ ಸಿಗುತ್ತದೆಂದೂ ತಿಳಿಸಿರುತ್ತಾನೆ. ಆ ಅಂಗಡಿಯಲ್ಲಿ ನಡೆದ ವ್ಯಾಪಾರದ ಒಂದು ಪಾಲು ಗೈಡ್‌ಗೋ ಚಾಲಕನಿಗೋ ಪ್ರವಾಸ ಏರ್ಪಡಿಸಿದವರಿಗೋ ಸಲ್ಲುತ್ತದೆ. ಇದನ್ನೇ ಕಮಿಷನ್ ಎನ್ನುವುದು, ಇದು ಅಂಗಡಿಯ ಲಾಭದಿಂದ ಕಡಿತವಾಗುವ ಹಣವಲ್ಲ, ಸರಕಿನ ಬೆಲೆಗೆ ಮೊದಲೇ ಸೇರಿಸಿಟ್ಟ ಹಣ ಎಂಬುದನ್ನು ಪ್ರವಾಸಿಗರು ಮರೆಯುತ್ತಾರೆ. ಅಗ್ಗದ ಟಿಕೆಟ್ಟಿನಲ್ಲಿ ಉಳಿಯಿತೆಂದುಕೊಂಡ ರೂಪಾಯಿ ಹೀಗೆ ಸೀರೆಯ ಮಡಿಕೆಯಲ್ಲಿ ಹೊರಟುಹೋಗುತ್ತದೆ.

ಸೀರೆ ಅಂಗಡಿಯಲ್ಲಿ ನಡೆಯುವುದನ್ನು ಹತ್ತಿರದಿಂದ ಗಮನಿಸಿದರೆ ಅದೊಂದು ಪಳಗಿದ ವಿದ್ಯೆ ಎಂಬುದು ತಿಳಿಯುತ್ತದೆ. ಬಿಳಿ ಬಟ್ಟೆ ಹಾಸಿದ ಗಾದಿಯ ಮುಂದೆ ಹೆಂಗಸರನ್ನು ಕೂರಿಸಿ, ಮೊದಲು ಕಾಫಿಯನ್ನೋ ತಂಪು ಪಾನೀಯವನ್ನೋ ಕೈಗೆ ಕೊಡಲಾಗುತ್ತದೆ. "ಅಕ್ಕಾ, ತಗೊಳ್ಳೋದು ಬಿಡೋದು ಆಮೇಲೆ, ಸುಮ್ಮನೆ ನೋಡಿ" ಎಂಬ ಮಾತಿನೊಡನೆ ಮೊದಲ ಸೀರೆಯ ಸೆರಗು ಬಿಚ್ಚಿಕೊಳ್ಳುತ್ತದೆ, ಬೇಡವೆಂದರೂ ಎರಡನೆಯದು, ಮೂರನೆಯದು ಅದರ ಮೇಲೆ ಬೀಳುತ್ತವೆ, ನೋಡನೋಡುತ್ತಿದ್ದಂತೆ ಹತ್ತು ಹದಿನೈದು ಸೀರೆಗಳು ಎದುರಿಗೆ ರಾಶಿಯಾಗುತ್ತವೆ. ಅಷ್ಟನ್ನೂ ಆ ಹುಡುಗ ಮತ್ತೆ ಮಡಚಬೇಕಲ್ಲ ಎಂಬ ಸಂಕೋಚ ನೋಡುವವರ ಮನಸ್ಸಿನಲ್ಲಿ ಹುಟ್ಟುವುದು ಆ ಹೊತ್ತಿಗೆ. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ ಕೇಳುತ್ತದೆ, ದರ ಒಮ್ಮೆ ಇಳಿಯುತ್ತದೆ, ಪಕ್ಕದ ಸೀಟಿನವರು ಒಂದನ್ನು ಕೊಂಡಿರುವುದು ಕಣ್ಣಿಗೆ ಬೀಳುತ್ತದೆ, ಹೀಗೆ ಬೇಡದ ಸೀರೆ ಚೀಲ ಸೇರುತ್ತದೆ.

ಈ ಸಂಕೋಚಕ್ಕೆ ಕನ್ನಡದಲ್ಲಿ ದಾಕ್ಷಿಣ್ಯ ಎಂಬ ಹೆಸರಿದೆ, ಮಂಡ್ಯ ಸೀಮೆಯ ಆಡುಮಾತಿನಲ್ಲಿ ಮುಲಾಜು ಎನ್ನುತ್ತಾರೆ. ಎದುರಿಗಿರುವವರ ಮುಖ ನೋಡಿ ಇಲ್ಲವೆನ್ನಲಾಗದ ಈ ಗುಣ ಊರಿನ ಬದುಕಿನಲ್ಲಿ ದೊಡ್ಡ ಆಸ್ತಿ, ಅದಿಲ್ಲದಿದ್ದರೆ ಮುಯ್ಯಾಳು ಇಲ್ಲ, ಕೈಸಾಲ ಇಲ್ಲ, ಮದುವೆ ಮನೆಯ ಚಪ್ಪರವೂ ಏಳುವುದಿಲ್ಲ. ಅದಕ್ಕೆ ಅಂಟಿಕೊಂಡೇ ಹಂಗು ಎಂಬ ಇನ್ನೊಂದು ಮಾತಿದೆ: ಒಬ್ಬರಿಂದ ಪಡೆದದ್ದನ್ನು ತೀರಿಸುವವರೆಗೆ ಮನಸ್ಸಿಗೆ ಭಾರವಾಗಿ ಉಳಿಯುವ ಋಣಭಾವ. ಅಂಗಡಿಯ ಕಾಫಿ ಬಾಯಾರಿಕೆ ತಣಿಸಲೆಂದು ಬರುವುದಿಲ್ಲ, ಹಂಗು ಹೊರಿಸಲೆಂದು ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಡೆನಿಸ್ ರೀಗನ್ 1971ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದು ತೋರಿಸಿದೆ. ಅದರಲ್ಲಿ ಜೊತೆಗಿದ್ದವನೊಬ್ಬ ಕೇಳದೆಯೇ ಒಂದು ಬಾಟಲಿ ಕೋಕಾಕೋಲಾ ತಂದುಕೊಟ್ಟು, ಸ್ವಲ್ಪ ಹೊತ್ತಿನ ನಂತರ ಲಾಟರಿ ಚೀಟಿ ಕೊಳ್ಳುವಂತೆ ಕೋರುತ್ತಿದ್ದ. ಪಾನೀಯ ಪಡೆದವರು ಪಡೆಯದವರಿಗಿಂತ ಸುಮಾರು ಎರಡು ಪಟ್ಟು ಚೀಟಿಗಳನ್ನು ಕೊಂಡರು. ಕೊಟ್ಟವನನ್ನು ಅವರು ಮೆಚ್ಚಿದ್ದರೋ ಇಲ್ಲವೋ ಎಂಬುದಕ್ಕಿಂತ ಅವನು ಕೊಟ್ಟದ್ದನ್ನು ಪಡೆದಿದ್ದಾರೆ ಎಂಬುದೇ ಹೆಚ್ಚು ಕೆಲಸ ಮಾಡಿತು. ಪ್ರಯೋಗಶಾಲೆಯಲ್ಲಿ ಕಂಡುಬಂದ ಈ ಸತ್ಯ ವ್ಯಾಪಾರಿಗಳಿಗೆ ಅದಕ್ಕೂ ಬಹಳ ಹಿಂದಿನಿಂದ ಗೊತ್ತಿತ್ತು.

ಹಾಗೆಂದು ಹಳ್ಳಿಯ ಜನಕ್ಕೆ ವ್ಯವಹಾರ ತಿಳಿಯದೆಂದು ಭಾವಿಸಿದರೆ ಅದು ತಪ್ಪು, ಅದಕ್ಕೆ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ದಂಡೆಯ ಹೇಮಗಿರಿಯಲ್ಲಿ ಸೇರುವ ದನಗಳ ಜಾತ್ರೆಯೇ ಸಾಕ್ಷಿ. ಅಲ್ಲಿ ಹಳ್ಳಿಕಾರ್ ತಳಿಯ ಒಂದು ಜೊತೆ ಎತ್ತು ಕೊಳ್ಳಲು ಹೋದ ರೈತ ಮೊದಲು ದೂರದಲ್ಲಿ ನಿಂತು ನೋಡುತ್ತಾನೆ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಮೈಮೇಲಿನ ಸುಳಿಗಳನ್ನು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಗತಿ ಗಮನಿಸುತ್ತಾನೆ. ಆಮೇಲೆ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ವ್ಯವಹಾರ ನಡೆಯುತ್ತದೆ, ಒಪ್ಪಿಗೆಯಾಗದಿದ್ದರೆ ಕೈ ಬಿಡಿಸಿಕೊಂಡು ಮುಂದಿನ ಗೂಟದ ಕಡೆಗೆ ಹೋಗುತ್ತಾನೆ, ಬೇಕಾದರೆ ಮಾರನೆಯ ದಿನ ಮತ್ತೆ ಬರುತ್ತಾನೆ. ಅಲ್ಲಿಯೂ ದಲ್ಲಾಳಿ ಇರುತ್ತಾನೆ. ಆದರೆ ಅವನು ದಲ್ಲಾಳಿಯೆಂದು ಇಡೀ ಜಾತ್ರೆಗೇ ಗೊತ್ತು, ಅವನ ದಲ್ಲಾಳಿ ಹಣವನ್ನು ಯಾರು ಕೊಡಬೇಕೆಂಬುದೂ ಮಾತಾಗಿರುತ್ತದೆ, ಆದ್ದರಿಂದ ಅವನ ಹೊಗಳಿಕೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಕೊಳ್ಳುವವನು ತಾನೇ ತೂಗಿಕೊಳ್ಳಬಲ್ಲ.

ಇದೇ ರೈತ ಪ್ರವಾಸದ ಬಸ್ಸಿನಿಂದ ಇಳಿದು ಹತ್ತೇ ನಿಮಿಷದಲ್ಲಿ ಸಾವಿರಾರು ರೂಪಾಯಿಯ ಗಂಧದ ಬೊಂಬೆ ಕೊಂಡರೆ, ಅದಕ್ಕೆ ಅವನ ಬುದ್ಧಿ ಮಂಕಾದದ್ದು ಕಾರಣವಲ್ಲ. ಜಾತ್ರೆಯಲ್ಲಿ ಅವನಿಗಿದ್ದ ನಾಲ್ಕು ಬಲಗಳು, ಅಂದರೆ ಸಮಯ, ಸರಕಿನ ತಿಳಿವಳಿಕೆ, ಪಕ್ಕದಲ್ಲೇ ಇರುವ ಬೇರೆ ಮಾರಾಟಗಾರ ಮತ್ತು ಬೇಡವೆಂದು ಎದ್ದು ಹೋಗುವ ಸ್ವಾತಂತ್ರ್ಯ, ಇಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಗೈಡ್ ಎಂಬವನು ತನ್ನ ಕಡೆಯ ಮನುಷ್ಯನೆಂದು, ದಾರಿ ತೋರಿಸುವ ಹಿತೈಷಿಯೆಂದು ಅವನು ನಂಬಿರುತ್ತಾನೆ. ದಲ್ಲಾಳಿತನ ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು.

ಕ್ರೂಸ್ ಹಡಗಿನಲ್ಲಿ ಇದೇ ವ್ಯವಹಾರ ಉದ್ಯಮದ ಗಾತ್ರಕ್ಕೆ ಬೆಳೆದಿದೆ. ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆಯಾದ ಕಾರ್ನಿವಲ್ 2023ರಲ್ಲಿ ಗಳಿಸಿದ ಸುಮಾರು 2,160 ಕೋಟಿ ಡಾಲರ್ ಆದಾಯದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬಂದದ್ದು ಟಿಕೆಟ್ಟಿನಿಂದಲ್ಲ, ಹಡಗಿನೊಳಗಿನ ಖರ್ಚು ಮತ್ತು ಅದಕ್ಕೆ ಸೇರಿದ ಇತರ ಮೂಲಗಳಿಂದ. ಟಿಕೆಟ್ಟಿನಲ್ಲಿ ಕೋಣೆ, ಸಾಮಾನ್ಯ ಊಟ, ಸಂಜೆಯ ಮನರಂಜನೆ ಸೇರಿರುತ್ತವೆ; ಮದ್ಯ ಮತ್ತು ತಂಪು ಪಾನೀಯ, ವಿಶೇಷ ಭೋಜನಶಾಲೆ, ವೈಫೈ, ಮಾಲೀಶಿನ ಸ್ಪಾ, ಜೂಜಿನ ಕಸಿನೋ, ಫೋಟೋ, ಬಂದರಿನಲ್ಲಿ ಇಳಿದು ನೋಡುವ ಪ್ರವಾಸಗಳು ಬಹುಪಾಲು ಹೊರಗುಳಿದಿರುತ್ತವೆ. ಭಾರತದಲ್ಲಿಯೂ 2021ರ ಸೆಪ್ಟೆಂಬರಿನಿಂದ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಕಾರ್ಡೆಲಿಯಾ ಹಡಗು ಗೋವಾ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಸಂಚರಿಸತೊಡಗಿದ ಮೇಲೆ ಕನ್ನಡದ ಮಧ್ಯಮವರ್ಗದ ಕುಟುಂಬಗಳಿಗೂ ಹಡಗಿನ ರಜೆ ಎಟುಕುವಂತಾಗಿದೆ, ಆದ್ದರಿಂದ ಅಲ್ಲಿಯ ರೀತಿನೀತಿಗಳನ್ನು ಹತ್ತುವ ಮೊದಲೇ ತಿಳಿದಿರುವುದು ಒಳ್ಳೆಯದು.

ಹಡಗಿನಲ್ಲಿ ಮೊದಲು ಕಾಣೆಯಾಗುವುದು ನೋಟು. ಕೋಣೆಯ ಬಾಗಿಲು ತೆರೆಯುವ ಕಾರ್ಡೇ ಹಣದ ಚೀಲವೂ ಆಗಿರುತ್ತದೆ. ಕೊಂಡದ್ದೆಲ್ಲ ಪ್ರಯಾಣಿಕರ ಖಾತೆಗೆ ಬರೆದು, ಕೊನೆಯ ದಿನ ಒಟ್ಟು ಲೆಕ್ಕ ಕೈಗಿಡಲಾಗುತ್ತದೆ. ಸೊಂಟದ ಗಂಟಿನಿಂದ ನೋಟು ಬಿಚ್ಚಿಕೊಡುವಾಗ ಆಗುವ ಸಣ್ಣ ನೋವು ಖರ್ಚಿಗೆ ಕಡಿವಾಣವಾಗಿತ್ತು, ಕಾರ್ಡು ಆ ನೋವನ್ನೇ ಇಲ್ಲವಾಗಿಸುತ್ತದೆ. ಅನೇಕ ಹಡಗುಗಳಲ್ಲಿ ಪಾನೀಯ ಮತ್ತು ಸ್ಪಾ ಬಿಲ್ಲಿಗೆ ಶೇಕಡಾ 18ರಿಂದ 20ರಷ್ಟು ಸೇವಾಹಣ ತಾನಾಗಿಯೇ ಸೇರಿಕೊಳ್ಳುವುದರಿಂದ, ಫಲಕದಲ್ಲಿ ಬರೆದ ದರವೇ ಕಟ್ಟಬೇಕಾದ ದರವಲ್ಲ ಎಂಬುದು ಕೊನೆಗೆ ತಿಳಿಯುತ್ತದೆ.

ಸ್ಪಾದ ಮಾರಾಟ ಇವುಗಳಲ್ಲಿ ತೀರ ನವಿರಾದದ್ದು. ಮಾಲೀಶು ಮುಗಿದು ಮೈ ಹಗುರಾಗಿ, ನಿದ್ದೆ ಬರುವಂತಿರುವ ಹೊತ್ತಿನಲ್ಲಿ, ಆರೈಕೆ ಮಾಡಿದ ಸಿಬ್ಬಂದಿ ಒಂದು ಹಾಳೆಯ ಮೇಲೆ ಚರ್ಮಕ್ಕೆ, ಕೀಲಿಗೆ, ಕೂದಲಿಗೆ ಬೇಕಾದ ಎಣ್ಣೆ ಮತ್ತು ಲೇಪನಗಳ ಪಟ್ಟಿ ಬರೆದು, ವೈದ್ಯರ ಚೀಟಿಯಂತೆ ಮುಂದಿಡುತ್ತಾರೆ. ಅದು ಔಷಧದ ಚೀಟಿಯಲ್ಲ, ಸರಕಿನ ಪಟ್ಟಿ. ಬರೆದವರು ಮನೆ ಬಿಟ್ಟು ತಿಂಗಳುಗಟ್ಟಲೆ ದುಡಿಯುವ ತರುಣ ತರುಣಿಯರು, ಅವರ ಗಳಿಕೆಯ ಒಂದು ಭಾಗ ಮಾರಾಟದ ಮೇಲೆ ನಿಂತಿರುತ್ತದೆ ಎಂಬುದರಿಂದ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸರಿಯಲ್ಲ. ನಗುತ್ತ ಬೇಡವೆಂದು ಎದ್ದು ಬರುವುದರಲ್ಲಿ ಅವರಿಗೆ ಅವಮಾನವೂ ಇಲ್ಲ. ಸ್ಪಾ, ಚಿತ್ರಗಳ ಹರಾಜು, ಒಡವೆ ಅಂಗಡಿ ಮುಂತಾದವನ್ನು ಅನೇಕ ಹಡಗುಗಳಲ್ಲಿ ಹೊರಗಿನ ಕಂಪನಿಗಳು ಗುತ್ತಿಗೆ ಹಿಡಿದು ನಡೆಸುತ್ತವೆ, ಆದ್ದರಿಂದ ಹಡಗಿನ ಹೆಸರಿನ ಮೇಲಿಟ್ಟ ನಂಬಿಕೆ ಅಲ್ಲಿಯ ಸರಕಿಗೆ ತಾನಾಗಿ ಅನ್ವಯಿಸುವುದಿಲ್ಲ. ಉಚಿತ ಶಾಂಪೇನ್ ಕೊಟ್ಟು ಕೂರಿಸುವ ಚಿತ್ರಗಳ ಹರಾಜಿನಲ್ಲಿ ಹೆಚ್ಚಿನ ಎಚ್ಚರ ಬೇಕು: ತೀರದಿಂದ ದೂರದ ಅಂತರರಾಷ್ಟ್ರೀಯ ಜಲಭಾಗದಲ್ಲಿ ನಡೆದ ವ್ಯಾಪಾರದ ಮೇಲೆ ಊರಿಗೆ ಮರಳಿದ ನಂತರ ದೂರು ಹೂಡುವುದು ಸುಲಭದ ಕೆಲಸವಲ್ಲ.

ಬಂದರು ಸಮೀಪಿಸುವ ಹಿಂದಿನ ದಿನ ನಡೆಯುವ ಖರೀದಿ ಉಪನ್ಯಾಸವಂತೂ ಮೈಸೂರು ಬಸ್ಸಿನ ಗೈಡ್ ಹೇಳುವ ಮಾತಿನ ತದ್ರೂಪು. ಇಳಿದ ಮೇಲೆ ಯಾವ ಅಂಗಡಿ ನಂಬಿಕಸ್ಥವೆಂದು ಸೂಚಿಸುವ ನಕ್ಷೆಯನ್ನು ಅಲ್ಲಿ ಹಂಚಲಾಗುತ್ತದೆ. ಆ ನಕ್ಷೆಯಲ್ಲಿ ಹೆಸರು ಬರಲು ಅಂಗಡಿಗಳು ಹಣ ಕಟ್ಟಿರುತ್ತವೆ. ಇದೇ ಕೊಂಡಿಯ ಇನ್ನೊಂದು ತುದಿ ಕರ್ನಾಟಕದಲ್ಲೇ ಇದೆ. ಪಣಂಬೂರಿನ ನವ ಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶೀ ಕ್ರೂಸ್ ಹಡಗುಗಳು ಬಂದು ಒಂದು ಹಗಲು ತಂಗುತ್ತವೆ, ಇಳಿದವರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ನಗರದ ಮಾರುಕಟ್ಟೆ, ಗೋಡಂಬಿ ಕಾರ್ಖಾನೆಗಳಿಗೆ ಕರೆದೊಯ್ಯಲಾಗುತ್ತದೆ. ಗೋಡಂಬಿ ಸುಲಿಯುವ, ಬೇರ್ಪಡಿಸುವ ಕೈಗಳನ್ನು ಕಣ್ಣಾರೆ ನೋಡಿ ಆಮೇಲೆ ಒಂದು ಪೊಟ್ಟಣ ಕೊಳ್ಳುವುದು ಮಾರಾಟವೇ ಆದರೂ, ಅದರಲ್ಲಿ ನೋಡುವವರಿಗೆ ಒಂದು ತಿಳಿವಳಿಕೆಯೂ ದಕ್ಕುತ್ತದೆ, ಕೆಲಸ ಮಾಡುವವರಿಗೂ ಗೌರವ ಸಲ್ಲುತ್ತದೆ. ಎಲ್ಲ ಮಾರಾಟವನ್ನೂ ಮೋಸವೆಂದು ದೂರವಿಡಬೇಕಾಗಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಈ ಮಾರಾಟಗಳಲ್ಲೆಲ್ಲ ಹೆಚ್ಚು ಹಣ ಸೆಳೆಯುವುದು ರಜಾ ಸದಸ್ಯತ್ವ. ಮಾಲ್‌ನಲ್ಲೋ ಪೆಟ್ರೋಲ್ ಬಂಕಿನಲ್ಲೋ ವಸ್ತುಪ್ರದರ್ಶನದಲ್ಲೋ ಹೆಸರು, ಫೋನ್ ನಂಬರು ಬರೆದು ಹಾಕಿದ ಚೀಟಿಗೆ ಬಹುಮಾನ ಬಂದಿದೆಯೆಂದು ಕರೆ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕಡ್ಡಾಯವಾಗಿ ಹೋಟೆಲಿಗೆ ಬರಬೇಕೆಂಬ ಷರತ್ತಿರುತ್ತದೆ, ಏಕೆಂದರೆ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂಬ ದಾರಿಯನ್ನು ಮುಚ್ಚಬೇಕಾಗಿರುತ್ತದೆ. ಮುಂದಿನ ಹತ್ತಿಪ್ಪತ್ತು ವರ್ಷ ಪ್ರತಿ ವರ್ಷ ಕೆಲವು ದಿನ ರೆಸಾರ್ಟಿನಲ್ಲಿ ತಂಗುವ ಹಕ್ಕಿಗೆ ಲಕ್ಷಗಳ ಲೆಕ್ಕದಲ್ಲಿ ಹಣ ಕೇಳಿ, ಈ ದರ ಇವತ್ತಿಗೆ ಮಾತ್ರ ಎಂದು ಒತ್ತಾಯಿಸಲಾಗುತ್ತದೆ. ಅದರ ಮೇಲೆ ಪ್ರತಿ ವರ್ಷ ಕಟ್ಟಬೇಕಾದ ನಿರ್ವಹಣಾ ಶುಲ್ಕ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯುರೋಪಿನ ಒಕ್ಕೂಟ 2008ರ ತನ್ನ ನಿರ್ದೇಶನದಲ್ಲಿ ಇಂಥ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಕಾರಣ ಕೊಡದೆ ಹಿಂದೆ ಸರಿಯಲು 14 ದಿನಗಳ ಅವಕಾಶ ಕೊಟ್ಟಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವುದನ್ನೂ ನಿಷೇಧಿಸಿದೆ. ಭಾರತದಲ್ಲಿ ರಜಾ ಸದಸ್ಯತ್ವಕ್ಕೆಂದೇ ಅಂಥ ಪ್ರತ್ಯೇಕ ಕಾನೂನು ಇಲ್ಲ, ಆದುದರಿಂದ ಸಹಿ ಹಾಕುವ ಮೊದಲು ಒಂದು ರಾತ್ರಿ ಕಳೆಯುವುದೇ ಇಲ್ಲಿಯವರಿಗಿರುವ ಭದ್ರ ರಕ್ಷಣೆ. ಇವತ್ತಿಗೆ ಮಾತ್ರ ಎಂಬ ದರ ನಾಳೆಯೂ ಇರುತ್ತದೆ.

ಹಾಗಾದರೆ ಬೇಡವೆಂದು ಹೇಳುವುದು ಹೇಗೆ? ಅಭ್ಯಾಸವಿಲ್ಲದವರು ಮಾಡುವ ಮೊದಲ ತಪ್ಪೆಂದರೆ ಕಾರಣ ಕೊಡುವುದು. ದುಡ್ಡಿಲ್ಲ ಎಂದರೆ ತಿಂಗಳ ಕಂತಿನ ಸೌಲಭ್ಯ ಎದುರಿಗೆ ಬರುತ್ತದೆ, ಹೊತ್ತುಕೊಂಡು ಹೋಗಲಾಗದು ಎಂದರೆ ಕೊರಿಯರ್ ಬರುತ್ತದೆ, ಬಣ್ಣ ಹಿಡಿಸಲಿಲ್ಲ ಎಂದರೆ ಇನ್ನೂ ಇಪ್ಪತ್ತು ಬಣ್ಣ ಬರುತ್ತವೆ, ಆಮೇಲೆ ನೋಡುತ್ತೇನೆ ಎಂದರೆ ಬಾಗಿಲವರೆಗೂ ಹಿಂಬಾಲಿಸಲಾಗುತ್ತದೆ. ಕಾರಣವೆಂಬುದು ಮಾರುವವರ ಕೈಗೆ ಕೊಟ್ಟ ಹಿಡಿ. ಮಂಡ್ಯದ ಹೆಂಗಸರು ಸಂತೆಯಲ್ಲಿ ಹೇಳುವ "ಬ್ಯಾಡ ಕಣಣ್ಣ" ಎಂಬ ಎರಡು ಮಾತಿನಲ್ಲಿ ಕಾರಣವೂ ಇಲ್ಲ, ಅಗೌರವವೂ ಇಲ್ಲ, ಮುಂದಿನ ಪ್ರಶ್ನೆಗೆ ಎಡೆಯೂ ಇಲ್ಲ, ಅದನ್ನೇ ಹೇಳಿ ನಡೆದುಬಿಡುವುದು ಎಲ್ಲ ಊರಿನಲ್ಲಿಯೂ ನಡೆಯುತ್ತದೆ. ಗಾದಿಯ ಮುಂದೆ ಕೂರದೆ ನಿಂತೇ ನೋಡುವುದು, ಕೊಡುವ ಪಾನೀಯವನ್ನು ನಯವಾಗಿ ನಿರಾಕರಿಸುವುದು, ಬಸ್ಸಿನಿಂದ ಇಳಿದವರು ಅಂಗಡಿಗೇ ಹೋಗದೆ ಹೊರಗೆ ಮರದ ನೆರಳಿನಲ್ಲಿ ನಿಲ್ಲುವುದು ಸಣ್ಣ ಸಂಗತಿಗಳಂತೆ ಕಂಡರೂ ಹಂಗು ಹುಟ್ಟುವ ಮೊದಲೇ ಅದನ್ನು ತಡೆಯುತ್ತವೆ. ಹಡಗಿನಲ್ಲಾದರೆ ಖಾತೆಯ ಲೆಕ್ಕವನ್ನು ದಿನವೂ ರಾತ್ರಿ ಕೇಳಿ ನೋಡುವುದೂ, ಒಂದು ದಿನಕ್ಕೆ ಇಷ್ಟೇ ಎಂದು ಮನೆಯಲ್ಲೇ ಗೊತ್ತುಮಾಡಿಕೊಳ್ಳುವುದೂ ಉಪಯುಕ್ತ.

ಕೊಳ್ಳಲೇಬೇಕೆಂದು ಮನಸ್ಸಿದ್ದವರಿಗೆ ಸರಕಿನ ತಿಳಿವಳಿಕೆ ಬೇಕು. ಮೈಸೂರು ರೇಷ್ಮೆಗೆ ಸಂಬಂಧಿಸಿದಂತೆ ಈ ತಿಳಿವಳಿಕೆ ಕಷ್ಟದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1912ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಅಲ್ಲಿ ನೇಯ್ದ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ ಮತ್ತು ಶೇಕಡಾ 0.65 ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದೇ ಸಂಖ್ಯೆಯನ್ನು ಕಸೂತಿಯಲ್ಲಿ ಹಾಕಿ, ಹೊಲೊಗ್ರಾಂ ಅಂಟಿಸಿರುತ್ತಾರೆ. ಮಾನಂದವಾಡಿ ರಸ್ತೆಯ ಆ ಕಾರ್ಖಾನೆಯಲ್ಲಿ ಮಗ್ಗಗಳು ಓಡುವುದನ್ನು ನೋಡಿ ಅಲ್ಲೇ ಮಳಿಗೆಯಲ್ಲಿ ಕೊಳ್ಳಬಹುದು. ಉಳಿದ ಅಂಗಡಿಗಳಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಜಾರಿಯಲ್ಲಿರುವ ಸಿಲ್ಕ್ ಮಾರ್ಕ್ ಎಂಬ ಚೀಟಿ, ಅಂದರೆ ಬಟ್ಟೆ ಅಪ್ಪಟ ರೇಷ್ಮೆಯೆಂದು ದೃಢಪಡಿಸುವ ಗುರುತು, ಇದೆಯೇ ಎಂದು ಕೇಳಬೇಕು. ರೇಷ್ಮೆ ಸಾಕಣೆಯ ಮನೆಗಳಿರುವ ಮಂಡ್ಯ ಜಿಲ್ಲೆಯವರಿಗೆ ಇನ್ನೊಂದು ಪರೀಕ್ಷೆ ಗೊತ್ತೇ ಇದೆ: ಅಂಚಿನ ಒಂದು ಎಳೆ ಕಿತ್ತು ಉರಿಸಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಿಗೆ ಪುಡಿಯಾಗುವ ಬೂದಿ ಉಳಿಸುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಂಧದ ವಿಚಾರದಲ್ಲಿ ಇಷ್ಟು ಸುಲಭದ ಪರೀಕ್ಷೆ ಇಲ್ಲ, ಬೇರೆ ಮರಕ್ಕೆ ಪರಿಮಳ ಲೇಪಿಸಿ ಮಾರುವುದುಂಟು. ಆದಕಾರಣ ಕೆತ್ತನೆಯನ್ನು ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಯಂಥ ಕಡೆ ಬಿಲ್ಲಿನೊಡನೆ ಕೊಳ್ಳುವುದೇ ಕ್ಷೇಮ.

ಬಿಲ್ಲು ಎಂಬ ಈ ಚೂರು ಕಾಗದದ ಬಲವನ್ನು ಅನೇಕರು ತಿಳಿದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ, ಅಂದರೆ ಕಾನೂನು ತಪ್ಪೆಂದು ಗುರುತಿಸಿದ ವ್ಯವಹಾರ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ಹಿಂಪಡೆದು ಹಣ ಮರಳಿಸಲು ಒಪ್ಪದಿರುವುದೂ ಅದೇ ಸಾಲಿಗೆ ಸೇರುತ್ತದೆ. ಪ್ರವಾಸಿಗರಿಗೆ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಹಿಂದೆ ದೂರನ್ನು ಮಾರುವವರ ಊರಿನ ವ್ಯಾಪ್ತಿಯಲ್ಲಿ ಅಥವಾ ವ್ಯವಹಾರ ನಡೆದ ಕಡೆಯಲ್ಲಿ ಹೂಡಬೇಕಾಗಿತ್ತು, ಹೊಸ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೂ ಹೂಡಬಹುದು. ಸಿಂಧಘಟ್ಟದವರು ಊಟಿಯಲ್ಲೋ ಜೈಪುರದಲ್ಲೋ ಮೋಸ ಹೋದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೂರಿಗೆ ಮುನ್ನ ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಕಾದಿರಿಸುವಾಗ ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವುದು, ಎರಡೇ ಸೀಟು ಉಳಿದಿವೆಯೆಂದು ಸುಳ್ಳು ಅವಸರ ಹುಟ್ಟಿಸುವುದು ಮುಂತಾದ 13 ಬಗೆಯ ಕಪಟ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಹಣದ ಲೆಕ್ಕಕ್ಕಿಂತ ದೊಡ್ಡ ನಷ್ಟ ಸಮಯದ್ದು, ಅದನ್ನು ಯಾವ ಆಯೋಗವೂ ಮರಳಿ ಕೊಡಿಸಲಾರದು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆನೆ, ಕುದುರೆ, ತೋಪುಗಳ ನಡುವೆ ಚೌಕಾಕಾರವಾಗಿ ನಿಂತ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ಪಲ್ಲಕ್ಕಿಯಲ್ಲಿ ಕುಳಿತ ಅದರ ನಾಯಕ ಕರ್ನಲ್ ಬೈಲಿ, ಅತ್ತ ಕಡೆಯಿಂದ ನುಗ್ಗಿ ಬರುವ ಹೈದರ್ ಮತ್ತು ಟಿಪ್ಪುವಿನ ದಂಡು, ಇವನ್ನು ಒಂದೊಂದಾಗಿ ಗುರುತಿಸಲು ಅರ್ಧ ಗಂಟೆಯಾದರೂ ಬೇಕು. ಹೋದ ಪುಟ್ಟ ಬಂದ ಪುಟ್ಟ ಎನ್ನುವಂತೆ ಹತ್ತು ನಿಮಿಷದಲ್ಲಿ ಅರಮನೆ ಸುತ್ತಿಸಿ, ಉಳಿದ ಮುಕ್ಕಾಲು ಗಂಟೆಯನ್ನು ಎಂಪೋರಿಯಂಗೆ ಕೊಡುವ ಪ್ರವಾಸ ಈ ಗೋಡೆಯನ್ನು ಪ್ರವಾಸಿಗರಿಂದ ಕಸಿದುಕೊಳ್ಳುತ್ತದೆ. ಮೇಲುಕೋಟೆ, ತೊಣ್ಣೂರು, ನಾಗಮಂಗಲದ ಸೌಮ್ಯಕೇಶವ ದೇಗುಲ, 1171ರಲ್ಲಿ ಬಮ್ಮವ್ವೆ ನಾಯಕಿತಿ ಕಟ್ಟಿಸಿದ ಕಿಕ್ಕೇರಿಯ ಬ್ರಹ್ಮೇಶ್ವರ, 13ನೇ ಶತಮಾನದ ಹೊಸಹೊಳಲಿನ ಲಕ್ಷ್ಮೀನಾರಾಯಣ, ಸಿಂಧಘಟ್ಟದಲ್ಲಿಯೇ ಇರುವ ಹೊಯ್ಸಳ ಕಾಲದ ಲಕ್ಷ್ಮೀನಾರಾಯಣ ದೇಗುಲ, ಇವೆಲ್ಲ ಶ್ರೀರಂಗಪಟ್ಟಣದಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿವೆ. ಮೇಲುಕೋಟೆಯನ್ನು ಬಿಟ್ಟರೆ ಉಳಿದವು ಬಸ್ಸುಗಳ ಪಟ್ಟಿಯಲ್ಲಿ ಅಪರೂಪ.

ಚಾಲಕರು ಮತ್ತು ಗೈಡ್‌ಗಳನ್ನು ಈ ವ್ಯವಸ್ಥೆಯ ಖಳರೆಂದು ಕಾಣುವುದು ಅನ್ಯಾಯ. ನಸುಕಿನಿಂದ ನಡುರಾತ್ರಿಯವರೆಗೆ ದುಡಿಯುವವರಿಗೆ ಕೂಲಿಯ ಕೊರತೆಯನ್ನು ಕಮಿಷನ್ ತುಂಬಿಕೊಡಲಿ ಎಂದು ಬಿಟ್ಟಿರುವವರು ಪ್ರವಾಸ ಏರ್ಪಡಿಸುವವರು, ಟಿಕೆಟ್ಟು ಅಗ್ಗವಾಗಿರಲೇಬೇಕೆಂದು ಹಟ ಹಿಡಿಯುವ ಪ್ರವಾಸಿಗರ ಪಾಲೂ ಅದರಲ್ಲಿದೆ. ಆದ್ದರಿಂದ ಊರಿನಿಂದ ಬಸ್ಸು ಮಾತಾಡುವ ಹಿರಿಯರು, ಸ್ತ್ರೀಶಕ್ತಿ ಸಂಘದವರು, ಶಾಲೆಯ ಮೇಷ್ಟ್ರುಗಳು ಮುಂಗಡ ಕೊಡುವ ದಿನವೇ ಒಂದು ಮಾತು ಕೇಳಬೇಕು: ದಾರಿಯಲ್ಲಿ ಎಷ್ಟು ಅಂಗಡಿಗೆ ನಿಲ್ಲಿಸುತ್ತೀರಿ, ಎಷ್ಟು ಹೊತ್ತು ನಿಲ್ಲಿಸುತ್ತೀರಿ. ಉತ್ತರವನ್ನು ಪಟ್ಟಿಯಲ್ಲಿ ಬರೆಸಿಕೊಂಡು, ಅಂಗಡಿಗೆ ನಿಲ್ಲದ ಬಸ್ಸಿಗೆ ತಲೆಗೆ ಐವತ್ತೋ ನೂರೋ ರೂಪಾಯಿ ಹೆಚ್ಚು ಕೇಳಿದರೆ ಅದನ್ನು ಚಾಲಕನ ಕೈಗೇ ಸೇರುವಂತೆ ಕೊಟ್ಟು, ಉಳಿದ ಮುಕ್ಕಾಲು ಗಂಟೆಯಲ್ಲಿ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯನ್ನು ಮಕ್ಕಳಿಗೆ ನಿಧಾನವಾಗಿ ತೋರಿಸಿ.